ಹಿತ್ತಾಳೆ ತೋಟಾದ ಕುತ್ತಿಗೆ

ಎವರ್‌ಗ್ರೀನ್

ಅಮೆರಿಕಕ್ಕೆ ಹೋಗಿದ್ದೆ ಎಂದ ಕೂಡಲೇ ಎಲ್ಲರೂ ಆ ಕೆಂಪು ಸೇತುವೆಯ ವಿಷಯ ಕೇಳುತ್ತಾರೆ. ನೋಡಿದೆ ಸ್ವಾಮಿ, ಅರ್ಧ ನೋಡಿದೆ. ಇನ್ನರ್ಧ ಮಂಜಿನಲ್ಲಿ ಮುಚ್ಚಿಹೋಗಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ಸೇತುವೆಯ ಮುಂದಲ್ಲ, ಎಪ್ಪತ್ತನಾಲ್ಕು ವರ್ಷದ ಒಬ್ಬ ಹಿರಿಯರ ಗರಾಜಿನಲ್ಲಿ. ಹೀಗೆಂದರೆ ನಮ್ಮ ಕಾರ್ಖಾನೆಯಲ್ಲಿ ನಗುತ್ತಾರೆ. ನಗಲಿ, ನನಗೇನು.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಅಳತೆ ನೋಡುವ ಕೆಲಸದವನು. ಯಂತ್ರದಿಂದ ಇಳಿದ ಪ್ರತಿ ತುಂಡೂ ಕೊನೆಗೆ ನನ್ನ ಮೇಜಿಗೆ ಬರಬೇಕು. ನಾನು ಸೈ ಎಂದರೆ ಸೈ, ಇಲ್ಲದಿದ್ದರೆ ಗುಜರಿ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ನಮ್ಮವರು ಒಂದು ಹೊಸ ಅಳತೆ ಯಂತ್ರ ತರಿಸಲು ಹೊರಟರು. ಅದನ್ನು ದಿನಾ ಬಳಸುವವರ ಹತ್ತಿರ ಮೂರು ವಾರ ಇದ್ದು ಕಲಿತು ಬಾ ಎಂದು ನನ್ನನ್ನು ಕಳಿಸಿದರು. ಇಡೀ ಬೆಂಗಳೂರೇ ಕಂಪ್ಯೂಟರಿಗಾಗಿ ಆ ಊರಿಗೆ ವಿಮಾನ ಹತ್ತುತ್ತಿದ್ದ ಕಾಲದಲ್ಲಿ ಮೈಕ್ರೋಮೀಟರು ಕಟ್ಟಿಕೊಂಡು ಹೋದವನು ನಾನೊಬ್ಬನೇ ಇರಬೇಕು.

ಉಳಿದುಕೊಂಡದ್ದು ಸ್ಯಾನ್ ಹೋಸೆಯ ಎವರ್‌ಗ್ರೀನಿನಲ್ಲಿ, ನನ್ನ ಹೆಂಡತಿಯ ತಂಗಿಯ ಮಗಳು ಸವಿತಾಳ ಮನೆಯಲ್ಲಿ. ಮಂಡ್ಯದಲ್ಲಿ ಹುಟ್ಟಿದ ಹುಡುಗಿ, ಈಗ ಫ್ರೀವೇಯಲ್ಲಿ ಐದು ಸಾಲು ದಾಟಿ ಕಾರು ತಿರುಗಿಸುತ್ತಾಳೆ. ನಾನು ಪಕ್ಕದಲ್ಲಿ ಕೂತು ಇದ್ದಬದ್ದ ದೇವರನ್ನೆಲ್ಲಾ ನೆನೆಯುತ್ತಿದ್ದೆ.

“ಕಣ್ಣು ಬಿಡಿ ದೊಡ್ಡಪ್ಪ, ಏನೂ ಆಗಲ್ಲ,” ಎಂದಳು.

“ಕಣ್ಣು ಬಿಟ್ರೇ ಭಯ ಕಣಮ್ಮ.”

ಅವರ ಮನೆಗೆ ಬರುವ ಸ್ನೇಹಿತರದೆಲ್ಲ ಒಂದೇ ಮಾತು: ಯಾವ ಕಂಪನಿ ಶೇರು ಬಿಡುತ್ತಿದೆ, ಯಾರು ಕೆಲಸ ಬಿಟ್ಟು ಯಾವುದಕ್ಕೆ ಹಾರಿದರು. ಸೊಪ್ಪಿನ ಸಾರು ತಿನ್ನುವಾಗಲೂ ಅದೇ. ಒಂದು ವರ್ಷ ಒಂದೇ ಕಡೆ ನಿಂತವನನ್ನು ಸೋಮಾರಿ ಎನ್ನುವ ಹಾಗೆ ನೋಡುತ್ತಿದ್ದರು. ನಾನು ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಎಂದಾಗ ಮೇಜಿನ ಸುತ್ತ ಒಂದು ಕ್ಷಣ ಯಾರೂ ಅಗಿಯಲಿಲ್ಲ.

ನೆವಾರ್ಕ್

ನಾನು ಕಲಿಯಬೇಕಿದ್ದ ಕಾರ್ಖಾನೆ ನೆವಾರ್ಕಿನಲ್ಲಿತ್ತು. ತಗಡಿನ ಮಾಡಿನ ಸಣ್ಣ ಕಟ್ಟಡ. ಪಕ್ಕದ ಕಟ್ಟಡಕ್ಕೆ ಯಾವುದೋ ಹೊಸ ಡಾಟ್ ಕಾಮ್ ಬಂದಿತ್ತು. ಅಲ್ಲಿಯವರು ಹಗಲೆಲ್ಲ ನಾಯಿ ಕರೆದುಕೊಂಡು ಓಡಾಡುತ್ತಿದ್ದರು, ಅಂಗಳದಲ್ಲಿ ಚೆಂಡಾಡುತ್ತಿದ್ದರು. ಅದೂ ಆಫೀಸೇ ಎಂದು ನನಗೆ ಮೂರನೆಯ ದಿನ ತಿಳಿಯಿತು.

ನನ್ನ ಗುರು ಹೆರಾಲ್ಡ್. ಬೆಳ್ಳಗಿನ ತಲೆ, ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಪುಟ್ಟ ಪುಸ್ತಕ. ನನ್ನ ಹೆಸರು ಕೇಳಿದರು. ನಂಜುಂಡಯ್ಯ ಎಂದೆ, ಕಷ್ಟವಾದರೆ ‘ನಂಜು’ ಸಾಕು ಎಂದೂ ಸೇರಿಸಿದೆ. ಅವರು ಒಪ್ಪಲಿಲ್ಲ. ಪುಸ್ತಕ ತೆಗೆದು ಹೆಸರನ್ನು ಮೂರು ತುಂಡು ಮಾಡಿ ಬರೆದುಕೊಂಡು, ಕಾಫಿ ಕುಡಿಯುವಾಗಲೂ ತುಟಿಯಲ್ಲೇ ಹೇಳಿಕೊಂಡು, ಮಧ್ಯಾಹ್ನದ ಹೊತ್ತಿಗೆ ಇಡೀ ಹೆಸರು ಹಿಡಿದು ಕರೆದರು. ಪೀಣ್ಯದಲ್ಲಿ ನನ್ನನ್ನು ಇಡಿಯಾಗಿ ಕರೆಯುವುದು ಪ್ರಾವಿಡೆಂಟ್ ಫಂಡಿನ ಗುಮಾಸ್ತ ಮಾತ್ರ.

ಅವರ ಕೆಲಸ ನೋಡಿ ನನಗೆ ಬೆರಗು ಹಿಡಿಯಿತು. ತುಂಡು ಬಂದ ತಕ್ಷಣ ಅಳೆಯುತ್ತಿರಲಿಲ್ಲ. ಒರೆಸಿ, ಅಳೆಯುವ ಉಪಕರಣದ ಪಕ್ಕದಲ್ಲೇ ಕಲ್ಲಿನ ಮೇಜಿನ ಮೇಲೆ ಇಟ್ಟು, ಎರಡೂ ಒಂದೇ ಬಿಸಿಗೆ ಬರಲಿ ಎಂದು ಗಂಟೆಗಟ್ಟಲೆ ಕಾಯುತ್ತಿದ್ದರು. ಏನಾದರೂ ಕೆಟ್ಟರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬರೆದಿಡುವುದು, ಮತ್ತೆ ನೋಡುವುದು. ನಮ್ಮಲ್ಲಿ ಯಂತ್ರ ನಿಂತರೆ ಐದು ಜನ ಸೇರಿ ಒಬ್ಬೊಬ್ಬರೂ ಒಂದೊಂದು ಸ್ಕ್ರೂ ತಿರುಗಿಸುತ್ತೇವೆ. ಯಂತ್ರ ಓಡುತ್ತದೆ, ಯಾವ ಸ್ಕ್ರೂನಿಂದ ಓಡಿತು ಎಂದು ದೇವರಿಗೂ ತಿಳಿಯುವುದಿಲ್ಲ.

ಎರಡನೆಯ ದಿನವೇ ಹೆರಾಲ್ಡ್ ನನ್ನ ತಲೆಯ ಮೇಲೆ ಕಲ್ಲು ಹಾಕಿದರು. “ನಿಮಗೆ ಈ ವಾರ ಮಾತ್ರ ಹೇಳಿಕೊಡಲು ಆಗುತ್ತದೆ, ನಂಜುಂಡಯ್ಯ. ಬರುವ ಸೋಮವಾರ ನಾನು ಕೆಲಸ ಬಿಡುತ್ತಿದ್ದೇನೆ. ನನ್ನ ಕೈ ಹೋಯಿತು.”

ಎಲ್ಲಿ ಹೋಯಿತು? ನನ್ನ ಕಣ್ಣ ಮುಂದೆಯೇ ಇತ್ತು, ಕಲ್ಲಿನ ಮೇಜಿನಷ್ಟೇ ಅಲುಗದೆ. ಅವರು ಕಾಫಿಗೆ ಹೋದಾಗ ನಾನು ಕಳ್ಳನ ಹಾಗೆ ಅವರು ಅಳೆದಿಟ್ಟ ಆರು ತುಂಡುಗಳನ್ನು ಮತ್ತೆ ಅಳೆದೆ. ಆರಕ್ಕೆ ಆರೂ ಅವರು ಬರೆದದ್ದೇ ಬಂತು. ಬಂದ ಮೇಲೆ ತಪ್ಪೊಪ್ಪಿಕೊಂಡು ಹಾಗೆಂದೆ. ಅದೃಷ್ಟ ಎಂದರು, ಅಷ್ಟೇ.

ಆಮೇಲೆ ಕಾರಣ ಹೇಳಿದರು. ಹೆರಾಲ್ಡ್ ಮತ್ತು ಅವರ ಹೆಂಡತಿ ಮಾರ್ಗರೆಟ್ ಮೂವತ್ತೊಂದು ವರ್ಷ ಜೊತೆಯಾಗಿ ಗುರಿ ಹೊಡೆಯುವ ಪಂದ್ಯಗಳಿಗೆ ಹೋಗುತ್ತಿದ್ದವರು. ಆಕೆ ತೀರಿಹೋಗಿ ಒಂದೂವರೆ ವರ್ಷ. ಮೊನ್ನೆ ಬಹಳ ದಿನದ ಮೇಲೆ ಇವರೊಬ್ಬರೇ ಹಿರಿಯರ ಪಂದ್ಯಕ್ಕೆ ಹೋದರೆ, ಮನೆಯಲ್ಲಿ ತಾವೇ ತಯಾರಿಸಿದ ತೋಟಾ ರೈಫಲ್ಲಿನ ನಳಿಗೆಯ ಬುಡದ ಗೂಡಿನಲ್ಲಿ ಸಿಕ್ಕಿಕೊಂಡಿತು. ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟು ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಎಲ್ಲರೆದುರು ಪಂದ್ಯ ಬಿಟ್ಟು ಎದ್ದು ಬರಬೇಕಾಯಿತು. ಮನೆಗೆ ಬಂದು ಉಳಿದವನ್ನು ನೋಡಿದರೆ ಕೆಲವು ಸಲೀಸಾಗಿ ಕೂರುತ್ತವೆ, ಕೆಲವು ಬಿಗಿಯುತ್ತವೆ. ತಯಾರಿಸಿದ್ದು ಒಂದೇ ಕೈ, ಒಂದೇ ಡೈ.

“ಒಂದೊಂದು ಒಂದೊಂದು ಥರ ಬರುತ್ತಿದೆ ಎಂದರೆ ಕೈ ನಡುಗುತ್ತಿದೆ ಎಂದೇ ಅರ್ಥ,” ಎಂದರು. “ಇಂಥ ಕೈ ಇಟ್ಟುಕೊಂಡು ಇನ್ನೊಬ್ಬರ ಕೆಲಸಕ್ಕೆ ಸಹಿ ಹಾಕಲಾರೆ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಮ್ಮಲ್ಲಿ ಗಾದೆ. ಈ ಮನುಷ್ಯ ನೆಲ ಡೊಂಕಿದ್ದರೂ ತನ್ನ ಕಾಲೇ ಡೊಂಕು ಎನ್ನುವವರು. ನನಗೆ ಅವರ ಮೇಲೆ ಗೌರವವೂ ಬಂತು, ಸಿಟ್ಟೂ ಬಂತು. ಇವರು ಹೋದರೆ ನಾನು ಅರೆಬರೆ ಕಲಿತು ಬೆಂಗಳೂರಿಗೆ ಬರಿಗೈಯಲ್ಲಿ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಇಂಥ ಕೈ ಸುಳ್ಳು ಕಾರಣಕ್ಕೆ ಮೂಲೆ ಸೇರುವುದನ್ನು ನೋಡಲು ನನಗಾಗುತ್ತಿರಲಿಲ್ಲ. ಶನಿವಾರ ಬಂದು ಆ ತೋಟಾಗಳನ್ನು ನೋಡಲೇ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ ಒಪ್ಪಿದರು.

ಶನಿವಾರ, ಗರಾಜು

ಸವಿತಾಳಿಗೆ ಹೇಳಿದಾಗ ಅವಳ ಮುಖ ಬಿಳಿಚಿತು. “ಗನ್ನಾ? ದೊಡ್ಡಪ್ಪ, ನಿಮಗೆ ತಲೆ ಕೆಟ್ಟಿದ್ಯಾ? ದೊಡ್ಡಮ್ಮಂಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾರಾ?”

“ಗನ್ನು ನಾನು ಮುಟ್ಟಲ್ಲ ಕಣೇ. ಖಾಲಿ ಹಿತ್ತಾಳೆ ಅಳೆಯೋಕೆ ಹೋಗ್ತಿರೋದು.”

“ವೀಸಾದಲ್ಲಿ ಬಂದೋರು ಮುಟ್ಟೋ ಹಾಗೇ ಇಲ್ಲ. ಪ್ರಾಮಿಸ್ ಮಾಡಿ.” ಪ್ರಾಮಿಸ್ ಮಾಡಿಸಿಕೊಂಡೇ ಕಾರು ತೆಗೆದಳು. ಇಳಿಸುವಾಗ ಹೆರಾಲ್ಡರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕೊನೆಗೆ ಒಂದು ಡಬ್ಬಿ ಚಿತ್ರಾನ್ನ ಕೈಗಿಟ್ಟು ಹೋದಳು.

ಆ ಗರಾಜನ್ನು ಏನೆಂದು ಹೇಳಲಿ! ಗೋಡೆಯ ಹಲಗೆಯ ಮೇಲೆ ಒಂದೊಂದು ಉಪಕರಣಕ್ಕೂ ಅದರದೇ ಆಕಾರದ ನೆರಳನ್ನು ಬಣ್ಣದಲ್ಲಿ ಬರೆದಿತ್ತು. ತೆಗೆದದ್ದು ಅಲ್ಲಿಗೇ ಮರಳಬೇಕು. ನೆಲದಲ್ಲಿ ಒಂದು ಚುಕ್ಕೆ ಎಣ್ಣೆಯಿಲ್ಲ. ಮದ್ದು ಒಂದು ಬೀರುವಿನಲ್ಲಿ ಬೀಗ ಹಾಕಿ, ಗುಂಡು ಇನ್ನೊಂದರಲ್ಲಿ. ನಾನು ಚಪ್ಪಲಿ ಬಿಡಲು ಹೋದೆ. ಬೇಡ ಎಂದು ಅವರೇ ತಡೆದರು.

ಮೇಜಿನ ಮೇಲೆ, ಮದ್ದು ಗುಂಡು ಬಿಚ್ಚಿ ತೆಗೆದ ಅರವತ್ತು ಖಾಲಿ ಹಿತ್ತಾಳೆ ಕೇಸುಗಳು ಸಾಲಾಗಿ ನಿಂತಿದ್ದವು. ಗುಂಡು ಹಾರಿದ ಮೇಲೆ ಉಳಿಯುವ ತೊಗಟೆ ಇದು. ಪುಟ್ಟ ಬಾಟಲಿಯ ಹಾಗೆ ಇದಕ್ಕೆ ಹೊಟ್ಟೆ, ಭುಜ, ಕುತ್ತಿಗೆ ಎಲ್ಲ ಇವೆ. ಗುಂಡು ಹಾರುವಾಗ ಒಳಗಿನ ಬಿಸಿಗೆ ಕೇಸು ಉಬ್ಬಿ, ಆ ರೈಫಲ್ಲಿನ ಗೂಡಿನ ಆಕಾರವನ್ನೇ ತಾಳುತ್ತದೆ. ಅದನ್ನು ಮತ್ತೆ ಬಳಸಲು ಗುರಿಕಾರರು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಬರಿಯ ಕುತ್ತಿಗೆಯನ್ನು ಕಿರಿದು ಮಾಡುತ್ತಾರೆ, ಹೊಸ ಗುಂಡು ಬಿಗಿಯಾಗಿ ಕೂರಲು ಅಷ್ಟು ಸಾಕು. ಹೊಟ್ಟೆಯನ್ನು ಮುಟ್ಟುವುದಿಲ್ಲ, ಅದು ಹೇಗೂ ಗೂಡಿಗೆ ಹೊಂದಿಕೊಂಡಾಗಿದೆ. ನಾವು ಒಂದೇ ಜೊತೆ ಚಪ್ಪಲಿ ಹಾಕಿ ಹಾಕಿ ಅದು ನಮ್ಮ ಕಾಲಿಗೆ ಪಳಗುತ್ತದಲ್ಲ, ಹಾಗೆ.

ಕೆಲಸ ಶುರುವಾಯಿತು. ಮೊದಲು ಡೈ ಬಿಚ್ಚಿ ತೊಳೆದೆವು. ಒಳಗೆ ಗೀರಿಲ್ಲ, ಕೊಳೆಯಿಲ್ಲ. ಡೈಯೊಳಗಿನ ಗುಂಡನೆಯ ತಲೆಯ ಕಡ್ಡಿ ಹೊರಬರುವಾಗ ಕುತ್ತಿಗೆಯನ್ನು ಒಂದು ಕಡೆಗೆ ಎಳೆಯುತ್ತಿದೆಯೇ ಎಂದು, ಕೇಸುಗಳನ್ನು ಒಂದೊಂದಾಗಿ ಉರುಳಿಸಿ ಮುಳ್ಳಿನ ಗೇಜು ಹಿಡಿದೆವು. ಮುಳ್ಳು ಅಲುಗಲಿಲ್ಲ. ಕುತ್ತಿಗೆಯ ಹೊರ ಅಳತೆ, ಒಳ ಅಳತೆ, ದಪ್ಪ ಎಲ್ಲ ನೋಡಿದೆವು. ಹೆರಾಲ್ಡ್ ಒಮ್ಮೆ, ನಾನೊಮ್ಮೆ ಅಳೆದು, ಬೇರೆ ಬೇರೆ ಹಾಳೆಯಲ್ಲಿ ಬರೆದು, ಆಮೇಲೆ ಹೋಲಿಸಿದೆವು. ಅರವತ್ತೂ ಒಂದೇ ತಾಯಿಯ ಮಕ್ಕಳು.

ಆಗ ನನ್ನ ಜಂಭ ಎದ್ದಿತು. ಹಿತ್ತಾಳೆ ನನಗೆ ಗೊತ್ತಿಲ್ಲವೇ? ಬಡಿದಷ್ಟೂ, ಒತ್ತಿದಷ್ಟೂ ಅದು ಗಡಸಾಗುತ್ತದೆ. ಗಡಸಾದದ್ದು ಒತ್ತಿದಾಗ ಮಣಿದ ಹಾಗೆ ಮಾಡಿ ಆಮೇಲೆ ಸೆಟೆದು ನಿಲ್ಲುತ್ತದೆ. ಕುತ್ತಿಗೆಗೆ ಬೆಂಕಿ ತೋರಿಸಿ ಮೆತ್ತಗೆ ಮಾಡಬೇಕು ಎಂದು ದೊಡ್ಡ ಪಂಡಿತನ ಹಾಗೆ ಹೇಳಿದೆ. ಹೆರಾಲ್ಡ್ ಮರುಮಾತಿಲ್ಲದೆ ಒಪ್ಪಿದರು. ತಟ್ಟೆಯಲ್ಲಿ ನೀರಿಟ್ಟು, ಬುಡ ಮುಳುಗುವ ಹಾಗೆ ಕೇಸು ನಿಲ್ಲಿಸಿ, ಒಂದೊಂದಕ್ಕೂ ಗ್ಯಾಸಿನ ಉರಿ ಹಿಡಿದು, ನೀರಿಗೆ ಉರುಳಿಸಿದೆವು. ಎರಡು ಗಂಟೆ ಹೋಯಿತು. ಒಣಗಿಸಿ, ಮತ್ತೆ ಡೈಯಲ್ಲಿ ಒತ್ತಿ, ಅವರು ರೈಫಲ್ಲಿಗೆ ಹಾಕಿ ನೋಡಿದರೆ ಮೊದಲನೆಯದೇ ಬಿಗಿಯಿತು.

“ನೀವು ಮಾಡಿದ್ದು ಸರಿಯಾಗಿಯೇ ಇದೆ. ಒತ್ತಿದ್ದು ನಾನಲ್ಲವೇ,” ಎಂದು ಹೆರಾಲ್ಡ್ ತಮ್ಮ ಅಂಗೈ ನೋಡಿಕೊಂಡರು. ನನಗೆ ನೆಲದೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಸಹಾಯ ಮಾಡಲು ಬಂದವನು ಅವರ ಅನುಮಾನವನ್ನೇ ಗಟ್ಟಿ ಮಾಡಿದ್ದೆ.

ಚಿತ್ರಾನ್ನ ತಿಂದೆವು. ಅವರು ಪ್ರತಿ ಕಡಲೆಬೀಜವನ್ನೂ ಫೋರ್ಕಿನಿಂದ ಬೇರೆ ಹಿಡಿದು ತಿಂದರು. ತಿನ್ನುತ್ತಿರುವಾಗಲೇ ನನಗೆ ನಮ್ಮ ಟೂಲ್ ರೂಮಿನ ಹಳೆಯ ಉಪಾಯ ನೆನಪಾಯಿತು. ಎರಡು ತುಂಡು ಒಂದಕ್ಕೊಂದು ಕೂರದಿದ್ದರೆ ಫಿಟ್ಟರು ಅಳೆಯುವುದಿಲ್ಲ. ನೀಲಿ ಹಚ್ಚಿ ಕೂರಿಸಿ ತೆಗೆಯುತ್ತಾನೆ. ಎಲ್ಲಿ ಉಜ್ಜುತ್ತದೋ ಅಲ್ಲಿ ನೀಲಿ ಹೋಗಿರುತ್ತದೆ. ಬೆಳಗಿನಿಂದ ಕುತ್ತಿಗೆ ಕುತ್ತಿಗೆ ಎಂದು ಜಪ ಮಾಡುತ್ತಿದ್ದ ನಾವಿಬ್ಬರು ಮಹಾ ಅಳತೆಗಾರರು, ಎಲ್ಲಿ ಉಜ್ಜುತ್ತಿದೆ ಎಂದೇ ನೋಡಿರಲಿಲ್ಲ.

ಬಿಗಿಯುವ ಒಂದು ಕೇಸಿಗೆ ಮಾರ್ಕರು ಪೆನ್ನಿನಿಂದ ಮೈತುಂಬ ಕಪ್ಪು ಬಳಿದೆ. ಹೆರಾಲ್ಡ್ ಅದನ್ನು ರೈಫಲ್ಲಿಗೆ ಹಾಕಿ, ಬೋಲ್ಟನ್ನು ಮೆಲ್ಲಗೆ ಒತ್ತಿ, ಹೊರಗೆ ತೆಗೆದರು. ಕುತ್ತಿಗೆಯ ಕಪ್ಪು ಹಾಗೇ ಇತ್ತು. ಹೊಟ್ಟೆಯ ಕೆಳಗೆ, ಬುಡದ ಹತ್ತಿರ, ಹಿತ್ತಾಳೆ ಬಳೆಯಂತೆ ಹೊಳೆಯುತ್ತಿತ್ತು.

ಅಯ್ಯೋ ಶಿವನೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು. ತಪ್ಪು ಕುತ್ತಿಗೆಯಲ್ಲಿ ಇರಲೇ ಇಲ್ಲ. ಹೊಟ್ಟೆಯನ್ನು ಹೆರಾಲ್ಡರ ಕೈಯೂ ಮುಟ್ಟಿಲ್ಲ, ಅವರ ಡೈಯೂ ಮುಟ್ಟಿಲ್ಲ. ಅದರ ಅಳತೆ ಕೊಟ್ಟದ್ದು ರೈಫಲ್ಲು ಮಾತ್ರ.

ಅರವತ್ತನ್ನೂ ಒಂದೊಂದಾಗಿ ಹಾಕಿ ನೋಡಿದೆವು. ಮೂವತ್ತೆರಡು ಸಲೀಸು, ಇಪ್ಪತ್ತೆಂಟು ಬಿಗಿ. ಎರಡು ಗುಂಪು ಮಾಡಿ ಹೊಟ್ಟೆ ಅಳೆದೆವು. ನಡುವಿನ ಅಳತೆಯದು ಒಂದೂ ಇಲ್ಲ; ಒಂದು ಗುಂಪು ಸಣ್ಣ, ಇನ್ನೊಂದು ಕೂದಲೆಳೆಯಷ್ಟು ದಪ್ಪ. ನಡುಗುವ ಕೈ ಹೀಗೆ ಎರಡು ಗುಂಪು ಮಾಡುವುದಿಲ್ಲ. ಹಾಗೆಂದು ಹೇಳಿದೆ. ಹೆರಾಲ್ಡ್ ದಪ್ಪ ಗುಂಪಿನ ಒಂದು ಕೇಸು ತಿರುಗಿಸಿ ಬುಡವನ್ನು ನನ್ನ ಮುಂದೆ ಹಿಡಿದರು. ನಾನು ಭೂತಗನ್ನಡಿ ಹಾಕಿ ನೋಡಿದೆ. ಬುಡದಲ್ಲಿ ಕಾರ್ಖಾನೆ ಒತ್ತಿದ ಅಕ್ಷರಗಳ ಸಂದಿಯಲ್ಲಿ ಸೂಜಿಮೊನೆಯಷ್ಟು ಕೆಂಪು.

ಇನ್ನೊಂದರಲ್ಲೂ ಇತ್ತು. ಮತ್ತೊಂದರಲ್ಲೂ. ದಪ್ಪ ಗುಂಪಿನ ಇಪ್ಪತ್ತೆಂಟರಲ್ಲೂ ಎಲ್ಲೋ ಒಂದು ಕಡೆ ಆ ಕೆಂಪು ಉಳಿದಿತ್ತು. ಸಣ್ಣ ಗುಂಪಿನಲ್ಲಿ ಒಂದರಲ್ಲೂ ಇಲ್ಲ.

“ಉಗುರಿನ ಬಣ್ಣ,” ಎಂದರು ಹೆರಾಲ್ಡ್. ಆಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟರು.

ಕೂತಲ್ಲಿಂದಲೇ ಹೇಳಿದರು. ಅವರ ರೈಫಲ್ಲು, ಮಾರ್ಗರೆಟ್ ರೈಫಲ್ಲು ಎರಡೂ ಒಂದೇ ಕಾರ್ಖಾನೆಯವು, ಒಂದರ ಹಿಂದೊಂದು ನಂಬರು. ಒಂದೇ ಉಳಿಯಿಂದ ಕೊರೆದ ಗೂಡುಗಳು, ಆದ್ದರಿಂದ ಒಂದೇ ಅಳತೆ ಎಂದು ಇವರು ನಂಬಿದ್ದರು. ಒಂದೇ ಉಳಿಯ ಎರಡು ತೂತು ಒಂದೇ ಅಲ್ಲ ಎಂದು ನಮ್ಮಲ್ಲಿ ಹೊಸದಾಗಿ ಸೇರಿದ ಅಪ್ರೆಂಟಿಸಿಗೂ ಗೊತ್ತು. ಹೆರಾಲ್ಡರಿಗೆ ಗೊತ್ತಿರಲಿಲ್ಲವೇ? ಮನೆಯ ವಸ್ತುವಾದದ್ದರಿಂದ ಅಳೆದು ನೋಡಿರಲಿಲ್ಲ, ಅಷ್ಟೇ.

ಮಾರ್ಗರೆಟ್ ಅಳೆದಿದ್ದರೋ, ಬೋಲ್ಟಿನ ಬಿಗಿಯಲ್ಲೇ ಕಂಡುಕೊಂಡರೋ. ಪಂದ್ಯ ಮುಗಿದ ಮೇಲೆ ಆಕೆ ಇಬ್ಬರ ಕೇಸುಗಳನ್ನೂ ಆರಿಸಿ, ಕಾರಿನ ಹಿಂದಿನ ಬಾಗಿಲು ತೆಗೆದು ಅಲ್ಲಿ ಕೂತು, ಚೀಲದಿಂದ ಬಣ್ಣದ ಶೀಶೆ ತೆಗೆಯುತ್ತಿದ್ದರಂತೆ.

“ಗುಂಡು ಹೊಡೆಯಲು ಬಂದು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಾಳೆ ಎಂದು ಎಲ್ಲರೆದುರು ನಗುತ್ತಿದ್ದೆ,” ಎಂದರು. “ಅವಳೂ ನಗುತ್ತಿದ್ದಳು. ಪ್ರತಿ ಸಲ ಹೊರಡುವಾಗ ಒಂದು ಡಬ್ಬಿ ಕೊಟ್ಟು, ಇದು ನಿನ್ನದು ಅನ್ನುತ್ತಿದ್ದಳು. ನಾನು ತೆಗೆದುಕೊಳ್ಳುತ್ತಿದ್ದೆ.”

ಆಕೆ ಹೋದ ಮೇಲೆ ಇವರು ಎರಡು ಡಬ್ಬಿಯನ್ನೂ ಒಂದಕ್ಕೆ ಸುರಿದು, ತನ್ನವು ಗುರುತಾಗಲಿ ಎಂದು ಆಕೆ ಬುಡಕ್ಕೆ ಹಚ್ಚಿದ್ದ ಕೆಂಪನ್ನು ಕೊಳೆ ಎಂದುಕೊಂಡು, ತಿಕ್ಕಿ ತೊಳೆದು ಫಳಫಳ ಮಾಡಿದ್ದರು.

ಹೆರಾಲ್ಡ್ ಎದ್ದು ಒಳಗೆ ಹೋಗಿ ಇನ್ನೊಂದು ರೈಫಲ್ಲು ತಂದರು. ಮೇಲೆ ಧೂಳಿತ್ತು, ಆ ಮನೆಯಲ್ಲಿ ನಾನು ಕಂಡ ಧೂಳು ಅದೊಂದೇ. ಒರೆಸಿ, ಕೆಂಪು ಚುಕ್ಕೆಯ ಒಂದು ಕೇಸು ಹಾಕಿ ಬೋಲ್ಟು ತಳ್ಳಿದರು. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಮುಚ್ಚಿಕೊಂಡಿತು. ತೆಗೆದು ಇನ್ನೊಂದು ಹಾಕಿದರು. ಇಪ್ಪತ್ತೆಂಟನ್ನೂ ಹಾಕಿ ನೋಡಿದರು. ಅವರ ಕಣ್ಣು ಒದ್ದೆಯಾಗಿದ್ದವು, ನನ್ನವೂ.

ದಪ್ಪನೆಯವನ್ನು ಪೂರ್ತಿ ಮೈ ಒತ್ತುವ ಡೈಯಲ್ಲಿ ಹಾಕಿದರೆ ಅರವತ್ತೂ ನಿಮ್ಮ ರೈಫಲ್ಲಿಗೇ ಆಗುತ್ತವೆ ಎಂದು ನಾನು ಹೇಳಿದೆ. ಕೆಲಸಗಾರನ ಬುದ್ಧಿ, ಹೇಳದಿರಲು ಆಗಲಿಲ್ಲ.

“ಆ ಡೈ ನನ್ನ ಹತ್ತಿರ ಇದೆ,” ಎಂದರು. “ಬೇಡ. ಅವು ಅವಳವು.”

ಮದ್ದು ತುಂಬಿಸುವಾಗ ಮಾತು ಬೆರೆಯಬಾರದು, ಅದು ಒಬ್ಬರೇ ಮಾಡುವ ಕೆಲಸ ಎಂದು ಹೇಳಿ, ನಾಳೆ ಗುರಿ ಹೊಡೆಯುವಲ್ಲಿಗೆ ಬನ್ನಿ ಎಂದು ಕರೆದು, ನಾಲ್ಕು ಗಂಟೆಗೇ ನನ್ನನ್ನು ಸವಿತಾಳ ಕಾರು ಹತ್ತಿಸಿದರು.

ಭಾನುವಾರ, ಗುಡ್ಡದ ಮೇಲೆ

ಗುರಿ ಹೊಡೆಯುವ ಜಾಗ ಪೂರ್ವದ ಒಣ ಗುಡ್ಡಗಳಲ್ಲಿತ್ತು. ಹುಲ್ಲೆಲ್ಲ ಹಣ್ಣಾದ ರಾಗಿ ಹೊಲದ ಬಣ್ಣ. ಇಪ್ಪತ್ತು ಜನ ಬಂದೂಕು ಹಿಡಿದವರು ಇರುವ ಕಡೆ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಮತ್ತೆ ದೇವರನ್ನು ನೆನೆದೆ. ಅಲ್ಲಿ ಯಜಮಾನಿಕೆ ಮಾಡುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟರಮ್ಮ. ಕೈಯಲ್ಲಿ ಒಂದು ಹಳದಿ ಬಾವುಟ. ಆಕೆ ನಿಲ್ಲಿಸಿ ಎಂದರೆ ಇಪ್ಪತ್ತೂ ಜನ ಬೋಲ್ಟು ತೆರೆದಿಟ್ಟು, ಗೆರೆಯಿಂದ ಹಿಂದೆ ಬಂದು, ಕೈ ಕಟ್ಟಿ ನಿಲ್ಲುತ್ತಾರೆ. ಆಮೇಲೆ ಬಂದೂಕಿನ ಕಡೆ ಯಾರೂ ಬೆರಳು ಚಾಚುವುದಿಲ್ಲ. ನಮ್ಮ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬಂದಾಗ ಆ ತಾಯಿಯನ್ನು ನಿಲ್ಲಿಸಿ ನೋಡಬೇಕು.

ಹೆರಾಲ್ಡ್ ಮೊದಲು ತಮ್ಮ ರೈಫಲ್ಲಿನಿಂದ ಹೊಡೆದರು. ಒಂದೂ ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಮಾರ್ಗರೆಟ್ ರೈಫಲ್ಲು ತೆಗೆದರು. ಹಳಬರು ಅದನ್ನು ಗುರುತಿಸಿದರು. ಒಬ್ಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅದರಲ್ಲಿ ಹೊಡೆದದ್ದೇ ಚೆನ್ನಾಗಿ ಬಿತ್ತು. “ಅವಳಿದ್ದಿದ್ದರೆ ಒಂದು ತಿಂಗಳು ಇದೇ ಮಾತು ಕೇಳಬೇಕಿತ್ತು,” ಎಂದು ಹೆರಾಲ್ಡ್ ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೋಮವಾರ

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹೆರಾಲ್ಡ್ ಮಾಲೀಕರ ಕೋಣೆಯಿಂದ ಹೊರಗೆ ಬರುತ್ತಿದ್ದರು. ಏನೆಂದಿರಿ ಎಂದು ಕೇಳಿದೆ.

“ನನ್ನ ಕೈ ಚೆನ್ನಾಗಿದೆ ಎಂದೆ. ಮುಂದಿನ ವರ್ಷವೂ ಬರುತ್ತೇನೆ ಎಂದೆ.”

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ದಿನ ಯಂತ್ರದ ಪಾಠ ಬೇಗ ಬೇಗ ಸಾಗಿತು. ಮಧ್ಯಾಹ್ನ ಹೊರಗಿನ ಬೆಂಚಿನ ಮೇಲೆ ಕೂತೆವು. ಪಕ್ಕದ ಡಾಟ್ ಕಾಮಿನ ಹುಡುಗಿಯೊಬ್ಬಳು ನಾಯಿಯೊಂದಿಗೆ ಹೋಗುವಾಗ ಹೆರಾಲ್ಡ್ ಕಾಲು ಹಿಂದಕ್ಕೆ ಎಳೆದುಕೊಂಡು ದಾರಿ ಬಿಟ್ಟರು. ಅವಳು ಥ್ಯಾಂಕ್ಯೂ ಎಂದಳು.

“ನೋಡಿದಿರಾ?” ಎಂದರು ಹೆರಾಲ್ಡ್. “ಕಾಲು ಎಳೆದುಕೊಂಡವನಿಗೂ ಈ ದೇಶದಲ್ಲಿ ಥ್ಯಾಂಕ್ಸ್ ಹೇಳುತ್ತೇವೆ. ಬಾಗಿಲು ಹಿಡಿದವನಿಗೆ, ಚಿಲ್ಲರೆ ಕೊಟ್ಟವನಿಗೆ, ಎಲ್ಲರಿಗೂ. ಆ ಡಬ್ಬಿಗೆ ಮೂವತ್ತೊಂದು ವರ್ಷ ನಾನು ಒಂದು ಸಲವೂ ಹೇಳಲಿಲ್ಲ. ನನ್ನ ಕೈಯೇ ಚೆನ್ನಾಗಿದೆ ಎಂದುಕೊಂಡಿದ್ದೆ.”

ಅವರನ್ನು ಸಮಾಧಾನ ಮಾಡಲೇಬೇಕು ಅನ್ನಿಸಿತು. ಕೊರಗಬೇಡಿ ಎಂದೆ. ನಮ್ಮ ಕಡೆ ಹೆಂಡತಿಗೆ ಯಾರೂ ಥ್ಯಾಂಕ್ಸ್ ಹೇಳುವುದೇ ಇಲ್ಲ, ಹೇಳಿದರೆ ಹೊರಗಿನವರ ಹಾಗೆ ಕಂಡಿರಿ ಎಂದು ಬೇಜಾರು ಮಾಡಿಕೊಳ್ಳುತ್ತಾರೆ, ನನಗೆ ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು, ನನ್ನ ಹೆಂಡತಿ ಜಯಾಳಿಗೆ ಅದೆಲ್ಲ ಬೇಕಾಗಿಲ್ಲ ಎಂದು ವಿವರಿಸಿದೆ.

ಹೆರಾಲ್ಡ್ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿ, ಒಂದೇ ಒಂದು ಪ್ರಶ್ನೆ ಕೇಳಿದರು.

“ಬೇಕಾಗಿಲ್ಲ ಎಂದು ಅವರನ್ನು ಕೇಳಿದ್ದೀರಾ?”

ನಾನು ಕೇಳಿರಲಿಲ್ಲ.